ಯಾಕೆ ಎನ್ನುವ ಕಾಲಂ

ಜೂನ್ 3, ಸೋಮವಾರ

ಇವತ್ತಿನಿಂದ ಬರೆಯಬೇಕಂತೆ. ರೇಷ್ಮೆ ತರಬೇತಿಯ ಕೊನೆಯ ದಿನ ವೇಣುಗೋಪಾಲ್ ಸಾರ್ ಎಲ್ಲರ ಕೈಗೂ ಇನ್ನೂರು ಪುಟದ ಒಂದೊಂದು ನೋಟ್‌ಬುಕ್ ಕೊಟ್ಟು ಹೇಳಿದರು: "ಏನಾಯ್ತು ಅಂತ ಎಲ್ಲಾರೂ ಬರೀತಾರೆ. ನೀವು ಯಾಕಾಯ್ತು ಅಂತ ಬರೀರಿ. ನನಗೆ ತೋರಿಸ್ಬೇಡಿ, ಮನೇಲೂ ಯಾರಿಗೂ ತೋರಿಸ್ಬೇಡಿ. ನಿಮಗೆ ನೀವೇ ಪಾಠ ಹೇಳ್ಕೊಳ್ಳಿ. ಹೇಳ್ತಾ ಹೇಳ್ತಾ ಗೊತ್ತಿಲ್ದೇ ಇರೋದೂ ಗೊತ್ತಾಗ್ತದೆ." ಹದಿನೆಂಟು ಜನ ರೈತರಲ್ಲಿ ಹದಿನೇಳು ಜನ ಆ ನೋಟ್‌ಬುಕ್ಕನ್ನು ಮಕ್ಕಳಿಗೆ ಕೊಡುತ್ತಾರೆ ಎಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ನನಗೆ ಮಕ್ಕಳಿಲ್ಲ, ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಸೂಲಿಬೆಲೆಯಿಂದ ನಾಲ್ಕು ಕಿಲೋಮೀಟರಿನ ಈ ಊರು ನನ್ನ ಗಂಡ ಅಂಬರೀಶನದು. ನನ್ನ ತವರು ತ್ಯಾಮಗೊಂಡ್ಲು, ಅಲ್ಲಿ ಹುಳು ಎಂದರೆ ತೆಂಗಿನ ಮರಕ್ಕೆ ಬೀಳುವ ಹುಳು ಅಷ್ಟೇ. ಹತ್ತು ವರ್ಷ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಟ್ಟೆ, ಶಾಲೆ ಮುಚ್ಚಿತು. ಅಂಬರೀಶ ಬೆಳಗ್ಗೆ ಹೊಸಕೋಟೆಯ ಗೋದಾಮಿಗೆ ಹೊರಟರೆ ಬರುವುದು ಸಂಜೆ. ಮನೆಯಲ್ಲಿ ಉಳಿಯುವವರು ನಾನು, ಎರಡು ಸೀಮೆ ಹಸು, ಮತ್ತು ಅವನ ಅಕ್ಕ ಮುನಿಗಂಗಮ್ಮ.

ಅಕ್ಕ ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಈ ಮನೆಗೆ ವಾಪಸ್ ಬಂದವರು. ಅದೇ ವರ್ಷ ಅವರ ತಾಯಿಯೂ ತೀರಿಕೊಂಡರು. ಏಳು ವರ್ಷದ ಅಂಬರೀಶನನ್ನು ಸಾಕಿದ್ದು ಅಕ್ಕ, ಮೂವತ್ತು ವರ್ಷದಿಂದ ಈ ಮನೆಯ ಹುಳು ಬೆಳೆಸಿದ್ದೂ ಅಕ್ಕ. ಅವರಿಗೆ ಎಲ್ಲ ಗೊತ್ತು, ಯಾವುದಕ್ಕೂ ಕಾರಣ ಗೊತ್ತಿಲ್ಲ.

"ಈ ಸೊಪ್ಪು ಬ್ಯಾಡ ಕಣಮ್ಮ" ಅನ್ನುತ್ತಾರೆ.

"ಯಾಕಕ್ಕಾ?"

"ಯಾಕೆ ಅಂದ್ರೆ ಏನ್ ಹೇಳ್ಲಿ? ಬ್ಯಾಡ ಅಷ್ಟೇ."

ಮೇಷ್ಟ್ರಾಗಿದ್ದವಳಿಗೆ ಇದು ಮೈ ಉರಿಸುವ ಮಾತು. ಆದರೂ ಅವರನ್ನು ಕಂಡರೆ ನನಗೆ ಇಷ್ಟ. ಇವತ್ತು ಪಕ್ಕದ ಮನೆಯ ಭಾಗ್ಯಮ್ಮ ಕಾಂಪೌಂಡಿನಾಚೆಯಿಂದ, "ಗಂಡ ಇಲ್ದೋಳ್ನ ಹುಳದ ಮನೆಗೆ ಬಿಡಬಾರ್ದು ಅಂತಾರಪ್ಪ. ನೀನು ಓದ್ದೋಳು, ನಿಂಗ್ ಗೊತ್ತಿರ್ತದೆ" ಅಂದಳು. "ಓದಿರೋದ್ರಿಂದ್ಲೇ ಗೊತ್ತು ಭಾಗ್ಯಮ್ಮ, ಅದು ಶುದ್ಧ ಸುಳ್ಳು ಅಂತ" ಅಂದೆ. ಅವಳ ಮುಖ ಇಂಗು ತಿಂದ ಹಾಗಾಯಿತು. ಮನಸ್ಸಿಗೆ ಹಾಯೆನಿಸಿತು.

ಜೂನ್ 11, ಮಂಗಳವಾರ

ಚಾಕಿ ಹುಳು ಬಂದು ನಾಲ್ಕು ದಿನವಾಯಿತು. ಎರಡು ಜ್ವರ ಮುಗಿಸಿ ಬಂದ ಮರಿಗಳು. ಜ್ವರ ಎಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಬಿಟ್ಟು ಒಂದು ದಿನ ಅಲ್ಲಾಡದೆ ಕೂರುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ.

ಮೂರು ದಿನ ಕಿವಿಯ ತುಂಬ ಸೊಪ್ಪು ಕಡಿಯುವ ಸದ್ದಿತ್ತು. ಅಕ್ಕ ಸೊಪ್ಪು ಹಾಕುವಾಗ ಗಂಟಲಲ್ಲೇ ಏನೋ ಗುನುಗುತ್ತಾರೆ, ಪದವಿಲ್ಲ, ರಾಗವೂ ಇಲ್ಲ. ಇವತ್ತು ಮೂರನೇ ಜ್ವರ. ಮಧ್ಯಾಹ್ನ ಒಳಗೆ ಹೋದರೆ ಸದ್ದೇ ಇಲ್ಲ. ಇಷ್ಟು ಸಾವಿರ ಹುಳು, ಎಲ್ಲವೂ ತಲೆ ಎತ್ತಿ ಕೂತಿವೆ. ಒಂದೂ ಅಲ್ಲಾಡುವುದಿಲ್ಲ. ನಾನು ಬರುವ ಮುಂಚೆ ಏನೋ ಮಾತಾಡುತ್ತಿದ್ದು, ಬಂದ ಕೂಡಲೇ ನಿಲ್ಲಿಸಿದವೇನೋ ಅನಿಸಿತು. ಪಾಠದಲ್ಲಿ ಓದಿದ್ದೇ, ಆದರೂ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ಜೂನ್ 15, ಶನಿವಾರ

ವೇಣುಗೋಪಾಲ್ ಸಾರ್ ಸುಮ್ಮನೆ ಹೇಳಿದ್ದಲ್ಲ!

ಸ್ಟ್ಯಾಂಡುಗಳ ಮೇಲಿನ ಅಂತಸ್ತಿನ ಹುಳು ಕೆಳಗಿನವಕ್ಕಿಂತ ಸಣ್ಣಗಿವೆ. ಯಾಕೆ? "ಗೊತ್ತಿಲ್ಲ" ಎಂದು ಬರೆದೆ. ಬರೆದ ಮೇಲೆ ಸುಮ್ಮನಿರಲು ಆಗಲಿಲ್ಲ, ಏಳನೇ ಕ್ಲಾಸಿಗೆ ಹೇಳುವ ಹಾಗೆ ನನಗೇ ಹೇಳಿಕೊಂಡೆ. ಸೊಪ್ಪು ಅಷ್ಟೇ ಹಾಕುತ್ತೇವೆ. ಹಾಗಾದರೆ ಸೊಪ್ಪಿಗೆ ಏನೋ ಆಗುತ್ತಿದೆ. ಮೇಲೆ ಏನಿದೆ? ಶೀಟು. ಶೀಟು ಕಾಯುತ್ತದೆ. ಸೊಪ್ಪು ಒಣಗುತ್ತದೆ. ಒಣ ಸೊಪ್ಪನ್ನು ಹುಳು ತಿನ್ನುವುದಿಲ್ಲ, ಊಟ ಮುಂದಿಟ್ಟುಕೊಂಡೇ ಹಸಿದಿರುತ್ತದೆ. ಪೆನ್ನು ಕೆಳಗಿಡುವಾಗ ಒಬ್ಬಳೇ ನಗುತ್ತಿದ್ದೆ. ಹತ್ತು ವರ್ಷ ಬೇರೆಯವರಿಗೆ ಪಾಠ ಹೇಳಿದಾಗ ಒಂದು ದಿನವೂ ಹೀಗಾಗಿರಲಿಲ್ಲ.

ಓಡಿಹೋಗಿ ಅಕ್ಕನಿಗೆ ಹೇಳಿದೆ. "ಅದಕ್ಕೇ ಅಲ್ವೇನಮ್ಮ ನಾನು ಮ್ಯಾಗಳ ತಾವ ಎರಡ್ ಸಲ ಜಾಸ್ತಿ ಹಾಕೋದು" ಅಂದರು. "ಮತ್ತೆ ನನಗ್ಯಾಕೆ ಹೇಳ್ಲಿಲ್ಲ?" ಅಂದೆ. "ನೀನು ಯಾಕೆ ಅಂತ ಕೇಳ್ತೀಯಲ್ಲ, ಅದಕ್ಕೇ" ಅಂದರು. ಇಬ್ಬರೂ ನಕ್ಕೆವು.

ಗೋಡೆಯ ಪಕ್ಕದ ಸ್ಟ್ಯಾಂಡಿನಲ್ಲಿ ಮಾತ್ರ ಮೇಲಿನ ಹುಳು ಕೆಳಗಿನಷ್ಟೇ ದಪ್ಪ ಇವೆ. ಶೀಟು ಅಲ್ಲೂ ಕಾಯುತ್ತದೆ. ಅದೊಂದು ಬಿಟ್ಟರೆ ಎಲ್ಲ ಕೂಡುತ್ತದೆ. ಅದೊಂದನ್ನು ಬಿಡೋಣ.

ಜುಲೈ 1, ಸೋಮವಾರ

ಗೂಡು ಬಿಡಿಸಿದೆವು. ಬೆಳೆ ಚೆನ್ನಾಗಿ ಬಂತು. ಅಂಬರೀಶ ರಜೆ ಹಾಕಿ ಗೂಡನ್ನು ಮಾರುಕಟ್ಟೆಗೆ ಒಯ್ದ. ಬರುವಾಗ ಅಕ್ಕನಿಗೆ ಒಂದು ಸೀರೆ, ನನಗೊಂದು ಸೀರೆ. ಅಕ್ಕ ನನ್ನ ಕೆನ್ನೆ ಹಿಡಿದು, "ಇನ್ಮೇಲೆ ನಂಗೆ ಚಿಂತೆ ಇಲ್ಲ, ಈ ಮನೆ ಹುಳಕ್ಕೆ ದಿಕ್ಕು ಸಿಕ್ತು" ಅಂದರು. ಅಳು ಬಂದುಬಿಟ್ಟಿತು. ಇಷ್ಟಕ್ಕೇ ಅಳುತ್ತಾರೆಯೇ?

ಆಗಸ್ಟ್ 7, ಬುಧವಾರ

ಎರಡನೇ ಬೆಳೆ. ಸರಿಯಿಲ್ಲ.

ಮೊನ್ನೆ ಶುಕ್ರವಾರ ಒಂದು ಸ್ಟ್ಯಾಂಡಿನಲ್ಲಿ ಹತ್ತಿಪ್ಪತ್ತು ಹುಳು ಸತ್ತವು, ತಲೆ ಕೆಡಿಸಿಕೊಳ್ಳಲಿಲ್ಲ. ಇವತ್ತು ನಾಲ್ಕು ಸ್ಟ್ಯಾಂಡು. ಹುಳು ಹಸಿರು ಕಕ್ಕುತ್ತವೆ, ಮೈ ತಿರುಚಿಕೊಂಡು ತಲೆಯನ್ನು ಆ ಕಡೆ ಈ ಕಡೆ ಬೀಸುತ್ತವೆ. ಬೇಡ ಬೇಡ ಎನ್ನುವ ಹಾಗೆ. ನೋಡಲಾಗಲಿಲ್ಲ.

ಯಾಕೆ? ನಿನ್ನೆಯದನ್ನು ನೆನಪು ಮಾಡಿಕೊಂಡು ಬರೆಯುತ್ತೇನೆ. ಬೆಳಗ್ಗೆ ಅಕ್ಕ ಕೊಟ್ಟಿಗೆಯಿಂದ ಬಂದು, "ಹಸ ಉಣ್ಣೆ ಹತ್ಕೊಂಡವೆ ನೋಡು" ಅಂದರು. ಮಳೆ ಹಿಡಿದಾಗಿನಿಂದ ರಕ್ತ ಹೀರುವ ಈ ಉಣ್ಣೆಗಳದೇ ಗೋಳು. ನಾನು ಉಣ್ಣೆ ಔಷಧಿಯನ್ನು ನೀರಿಗೆ ಬೆರೆಸಿ, ಬಟ್ಟೆಯಲ್ಲಿ ಅದ್ದಿ, ಎರಡೂ ಹಸುವಿನ ಮೈಗೆ ತಿಕ್ಕುತ್ತ ಕೂತೆ. ಅಷ್ಟರಲ್ಲಿ ಬೆಳಗಿನ ಸೊಪ್ಪನ್ನು ಅಕ್ಕ ಹಾಕಿದರು. ಮಧ್ಯಾಹ್ನದ್ದು ನಾನು ಹಾಕಿದೆ. ಸೊಪ್ಪು ನಮ್ಮದೇ ತೋಟದ್ದು. ಬಿಸಿಲು ಹದ, ತೇವ ಹದ. ಹೊರಗಿನವರು ಯಾರೂ ಬಂದಿಲ್ಲ.

ಎಲ್ಲ ಸರಿಯಿದ್ದರೆ ಹುಳು ಯಾಕೆ ಸಾಯುತ್ತದೆ?

ಆಗಸ್ಟ್ 15, ಗುರುವಾರ

ಮತ್ತೆ. ಇವತ್ತು ಸತ್ತ ಹುಳುವನ್ನು ಮಂಕರಿ ಬುಟ್ಟಿಯಲ್ಲಿ ತುಂಬಿ ಹೊರಗೆ ಹಾಕಿದೆವು.

ವೇಣುಗೋಪಾಲ್ ಸಾರಿಗೆ ಫೋನು ಮಾಡಿದೆ. "ಇದು ರೋಗ ಇದ್ದಂಗಿಲ್ಲಮ್ಮ, ವಿಷ ಇದ್ದಂಗದೆ. ತೋಟಕ್ಕೆ ಏನಾದ್ರೂ ಔಷಧಿ ಹೊಡುದ್ರಾ? ಅಕ್ಕಪಕ್ಕದೋರು?" ಎಂದು ಕೇಳಿದರು. "ತೋಟಕ್ಕೆ ಇಲ್ಲ ಸಾರ್, ಸುತ್ತ ಯಾರೂ ಹೊಡೆದಿಲ್ಲ" ಅಂದೆ. ನಿಜವನ್ನೇ ಹೇಳಿದೆ. "ಹಂಗಾರೆ ಬರೀತಾ ಇರಿ, ಸಿಕ್ತದೆ" ಅಂದರು.

ಅಕ್ಕ ಸತ್ತ ಹುಳುವನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ಕೂತಿದ್ದರು. "ನೀನು ಕೈ ಚೆಂದಾಗಿ ತೊಳ್ಕೊಂಡ್ ಒಳಕ್ ಬಾರಮ್ಮ" ಅಂದರು. ಯಾಕೆ ಎಂದು ಕೇಳಿದೆ. "ಯಾಕೋ. ಹಂಗನ್ಸ್ತು." ಸಿಟ್ಟು ಬಂತು. ನಾನು ಯಾವಾಗ ಕೈ ತೊಳೆಯದೆ ಬಂದಿದ್ದೇನೆ?

ಆಗಸ್ಟ್ 20, ಮಂಗಳವಾರ

ಇಡೀ ಮಧ್ಯಾಹ್ನ ಕೂತು ಪಟ್ಟಿ ಮಾಡಿದೆ. ತಾರೀಖು, ಬಿಸಿಲು, ತೇವ, ಸೊಪ್ಪು ಯಾವ ಸಾಲಿನದು, ಬೆಳಗ್ಗೆ ಯಾರು ಹಾಕಿದರು, ಮಧ್ಯಾಹ್ನ ಯಾರು, ಹುಳು ಹೇಗಿತ್ತು. ಕೊನೆಯ ಕಾಲಂ: ಯಾಕೆ.

ಹುಳು ಕೆಟ್ಟದ್ದು 2, 7 ಮತ್ತು 15ರಂದು. ಹಿಂದಿನ ದಿನ ಬೆಳಗ್ಗೆ ಸೊಪ್ಪು ಹಾಕಿದವರು, ಮೂರು ಸಲವೂ, ಅಕ್ಕ.

ಇದನ್ನು ಬರೆದು ನೋಟ್‌ಬುಕ್ ಮುಚ್ಚಿ ಹೊರಗೆ ಹೋಗಿಬಿಟ್ಟೆ. ನಾನೇ ಬರೆದೆನಾ ಇದನ್ನು? ಭಾಗ್ಯಮ್ಮನಿಗೂ ನನಗೂ ಏನು ವ್ಯತ್ಯಾಸ? ನಾಚಿಕೆಯಾಯಿತು.

ಆದರೆ ಭಾಗ್ಯಮ್ಮನ ಮಾತಿಗೆ ಕಾರಣವಿಲ್ಲ. ಇದಕ್ಕೆ ಇರಬಹುದು. ಕಾಫಿ ಕುಡಿಯುತ್ತ ಕೂತಾಗ ಹೊಳೆಯಿತು: ಹೊಗೆಸೊಪ್ಪು! ಅಕ್ಕ ಎಲೆ ಅಡಿಕೆಗೆ ಹೊಗೆಸೊಪ್ಪು ಹಾಕುತ್ತಾರೆ. ಹೊಗೆಸೊಪ್ಪು ಹುಳುವಿಗೆ ವಿಷ, ತರಬೇತಿಯಲ್ಲಿ ಹೇಳಿದ್ದಾರೆ. ಬೆರಳಿನಿಂದ ಸೊಪ್ಪಿಗೆ, ಸೊಪ್ಪಿನಿಂದ ಹುಳುವಿಗೆ. ಇದು ಮೂಢನಂಬಿಕೆಯಲ್ಲ, ವಿಜ್ಞಾನ.

4ಕ್ಕೂ 11ಕ್ಕೂ ಬೆಳಗ್ಗೆ ಅಕ್ಕನೇ ಹಾಕಿದ್ದಾರೆ, ಮಾರನೇ ದಿನ ಹುಳು ಚೆನ್ನಾಗಿದ್ದವು. ಆ ಎರಡು ದಿನ ಹೊಗೆಸೊಪ್ಪು ಹಾಕಿರಲಿಲ್ಲವೇನೋ.

ಆಗಸ್ಟ್ 21, ಬುಧವಾರ

ಹೇಳಿದೆ. ಆದಷ್ಟು ಮೆತ್ತಗೆ ಹೇಳಿದೆ.

"ಮೂವತ್ತ್ ವರ್ಸದಿಂದ ಹಾಕ್ತಿದ್ದೀನಿ ಕಣಮ್ಮ. ಬಾಯಿ ಮುಕ್ಕಳ್ಸಿ, ಕೈ ತೊಳ್ದೇ ಒಳಕ್ ಬರೋದು" ಅಂದರು. ಸೊಂಟದ ಚೀಲ ಬಿಚ್ಚಿ ಹೊಗೆಸೊಪ್ಪನ್ನು ಹಿತ್ತಲಿಗೆ ಎಸೆದರು. "ಹುಳಕ್ಕಿಂತ ಇದು ದೊಡ್ಡದಾ?"

ಒಂದು ಕೆಲಸ ಆಯಿತು.

ಸೆಪ್ಟೆಂಬರ್ 24, ಮಂಗಳವಾರ

ಮೂರನೇ ಬೆಳೆ. ಈ ಸಲ ಎರಡು ಹೊತ್ತೂ ನಾನೇ ಸೊಪ್ಪು ಹಾಕುತ್ತಿದ್ದೇನೆ. ಅಕ್ಕ ಹೊಸ್ತಿಲಿನವರೆಗೆ ಬಂದು ನಿಲ್ಲುತ್ತಾರೆ, ಒಳಗೆ ಬರುವುದಿಲ್ಲ. ಅಲ್ಲಿಂದಲೇ ಗುನುಗುತ್ತಾರೆ.

ಅಂಬರೀಶ ಕೇಳಿದ. "ಹೊಗೆಸೊಪ್ಪು ಬಿಟ್ಟವ್ಳಲ್ಲೇ. ಇನ್ಯಾಕೆ ಒಳಕ್ಕೆ ಬಿಡಲ್ಲ?" "ಒಂದು ಬೆಳೆ ನೋಡ್ತೀನಿ. ಒಂದೊಂದನ್ನೇ ಬದಲಾಯಿಸ್ಬೇಕು, ಪ್ರಯೋಗ ಅಂದ್ರೆ ಹಂಗೇ" ಅಂದೆ. "ಅವ್ಳು ಪ್ರಯೋಗ ಅಲ್ಲ ಕಣೇ, ನಮ್ಮಕ್ಕ" ಅಂದು ಎದ್ದು ಹೋದ. ಗಂಡಸರಿಗೆ ಮನೆಯೊಳಗಿನ ಕೆಲಸದ ಕಷ್ಟ ಗೊತ್ತಾಗುವುದಿಲ್ಲ.

ಸೆಪ್ಟೆಂಬರ್ 30, ಸೋಮವಾರ

ಮೂರು ಸ್ಟ್ಯಾಂಡು ಪೂರ್ತಿ ಹೋಯಿತು. ನಿನ್ನೆ ಬೆಳಗ್ಗೆ ಮುನಿಗಂಗಮ್ಮ "ಉಣ್ಣೆ" ಅಂದರು, ಹಸುವಿಗೆ ಔಷಧಿ ಹಚ್ಚಿ ಬಂದು ನಾನೇ ಸೊಪ್ಪು ಹಾಕಿದೆ. ಆಕೆ ಒಳಗೆ ಕಾಲಿಟ್ಟಿಲ್ಲ. ಆದರೂ ಹೋಯಿತು.

ಒಂದು ಗಂಟೆ ಯೋಚಿಸಿದೆ. ಹೊಗೆಸೊಪ್ಪಲ್ಲ ಎಂದಾಯಿತು. ಹಾಗೆಂದು ಪಟ್ಟಿ ಸುಳ್ಳಾಗುವುದಿಲ್ಲ, ಹೊಗೆಸೊಪ್ಪು ಎಂದುಕೊಂಡದ್ದಷ್ಟೇ ತಪ್ಪು. ನಿನ್ನೆ ಮುನಿಗಂಗಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಉಸಿರು ಒಳಗೆ ಬರುತ್ತದೆ, ದನಿ ಬರುತ್ತದೆ.

ಉಳಿದ ಹುಳು ಇವತ್ತು ಜ್ವರಕ್ಕೆ ಕೂತಿವೆ. ಸದ್ದಿಲ್ಲ. ತಲೆ ಎತ್ತಿದ ಹುಳುಗಳಲ್ಲಿ ಐವತ್ತನ್ನು ಎಣಿಸಿದೆ. ಬಾಗಿಲ ಕಡೆಗೆ ಮುಖ ಮಾಡಿದವು ನಲವತ್ತೊಂದು. ಬಾಗಿಲಲ್ಲಿ ಯಾರೂ ಇರಲಿಲ್ಲ. ಆದರೆ ಅವು ಯಾರನ್ನು ಕಾಯುತ್ತಿವೆ ಎಂದು ನನಗೆ ಗೊತ್ತು.

ಇನ್ನೊಂದು ಸ್ಟ್ಯಾಂಡಿನಲ್ಲಿ ಎಣಿಸಿದಾಗ ಇಪ್ಪತ್ತು ಮಾತ್ರ ಬಂತು. ಅದು ಕಿಟಕಿಯ ಪಕ್ಕದ್ದು, ಬೆಳಕಿಗೆ ತಿರುಗಿರುತ್ತವೆ. ಲೆಕ್ಕಕ್ಕಿಲ್ಲ.

ಅಕ್ಟೋಬರ್ 6, ಭಾನುವಾರ

ಮುನಿಗಂಗಮ್ಮ ದೊಡ್ಡಬೆಳವಂಗಲಕ್ಕೆ ಹೋದರು. ಅಲ್ಲಿ ಅವರ ಚಿಕ್ಕಪ್ಪನ ಮಗಳು ರೂಪ ಇದ್ದಾಳೆ. ಎರಡು ಕೋಣೆಯ ಬಾಡಿಗೆ ಮನೆ, ನಾಲ್ಕು ಜನ. ಸ್ವಲ್ಪ ಇಕ್ಕಟ್ಟು. ಒಂದೆರಡು ಬೆಳೆಯ ಮಟ್ಟಿಗೆ ಎಂದು ಹೇಳಿದ್ದೇನೆ.

ಅಂಬರೀಶ ನನ್ನೊಡನೆ ಮಾತು ಬಿಟ್ಟಿದ್ದಾನೆ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ, "ಅವ್ಳಿಗೆ ಇದು ಬಿಟ್ರೆ ಬೇರೆ ಮನೆ ಇಲ್ಲ, ಗೊತ್ತಲ್ವಾ?" ಅಂದ. ಗೊತ್ತು. ನಾನು ಪಟ್ಟಿ ತೋರಿಸಿದೆ. ಅವನು ನೋಡಲಿಲ್ಲ. ಮುನಿಗಂಗಮ್ಮನೇ, "ನಾನೇ ಹೋಯ್ತೀನಿ ಬಿಡೋ. ಹುಳ ಉಳುದ್ರೆ ಸಾಕು" ಅಂದರು.

ಬಸ್ಸಿಗೆ ಹೊರಡುವ ಮುಂಚೆ ಹುಳುಮನೆಯ ಹೊರಗೋಡೆಯನ್ನು ಅಂಗೈಯಲ್ಲಿ ಒಂದು ಸಲ ಮುಟ್ಟಿದರು. ಅವರು ಹೋದ ಮೇಲೆ ಅಲ್ಲಿಗೆ ಸುಣ್ಣ ಬಳಿದೆ.

ಡಿಸೆಂಬರ್ 12, ಗುರುವಾರ

ನಾಲ್ಕನೇ ಬೆಳೆ. ಒಂದು ಹುಳುವೂ ಕಕ್ಕಲಿಲ್ಲ. ಮೊದಲು ಕಟ್ಟಿದ ಗೂಡು ಬೆಳ್ಳಗೆ, ಗಟ್ಟಿಯಾಗಿ ಬಂದಿದೆ, ಕೆಲವು ಹುಳು ಇನ್ನೂ ಸೊಪ್ಪು ತಿನ್ನುತ್ತಿವೆ. ವೇಣುಗೋಪಾಲ್ ಸಾರ್ ಫೋನಿನಲ್ಲಿ ಅಭಿನಂದಿಸಿದರು.

ಪಟ್ಟಿ ಸರಿಯಿತ್ತು.

ಚಳಿಗೆ ಉಣ್ಣೆಯ ಕಾಟವೂ ಇಲ್ಲ, ಕೊಟ್ಟಿಗೆಯ ಕೆಲಸ ಕಡಿಮೆ. ಬಿಡುವಿದೆ. ಅದಕ್ಕೇ ಇರಬೇಕು, ಹುಳುಮನೆಯಲ್ಲಿ ಒಬ್ಬಳೇ ಇರುವಾಗ ಆ ಗುನುಗು ಕೇಳಿಸುತ್ತದೆ. ಸೊಪ್ಪು ಹಾಕುವುದನ್ನು ನಿಲ್ಲಿಸಿ ಕಿವಿಗೊಟ್ಟರೆ ಅದೂ ನಿಲ್ಲುತ್ತದೆ. ಹಾಕಲು ಶುರು ಮಾಡಿದರೆ ಶುರುವಾಗುತ್ತದೆ. ಸ್ಟ್ಯಾಂಡುಗಳ ಹಿಂದೆಲ್ಲ ಹುಡುಕಿದೆ. ಬೆಳಗ್ಗೆ ಭಾಗ್ಯಮ್ಮ ಕಾಂಪೌಂಡಿನಿಂದ, "ನೀನೂ ನಿಮ್ಮಕ್ಕನಂಗೇ ಗುನುಗ್ತೀಯಲ್ಲ ಪವಿತ್ರ, ನಾನು ಅವಳೇ ಬಂದ್ಳೇನೋ ಅಂದ್ಕಂಡೆ" ಅಂದಳು. ನಾನು ಗುನುಗುವುದಿಲ್ಲ. ಅವಳಿಗೂ ಕೇಳಿಸಿದೆ ಎಂದ ಮೇಲೆ ಅದು ಇದೆ ಎಂದಾಯಿತು.

ಮೂರು ದಿನದಿಂದ ಎಣಿಸುತ್ತಿದ್ದೇನೆ. ಬಾಗಿಲ ಕಡೆ ನೋಡುವವು ಕಡಿಮೆಯಾಗಿಲ್ಲ.

ಮಾರ್ಚ್ 9, ಭಾನುವಾರ

ಬಿಸಿಲು ಏರಿದೆ. ಐದನೇ ಬೆಳೆ, ಕೊನೆಯ ದೊಡ್ಡ ಜ್ವರ ಮುಗಿದು ಮೂರು ದಿನ. ಇವತ್ತು ಅರ್ಧಕ್ಕರ್ಧ ಹುಳು ಕಕ್ಕಿಕೊಂಡು ಸತ್ತವು. ನಿನ್ನೆ ಏನೂ ಬದಲಾಗಿಲ್ಲ. ಹಸುವಿಗೆ ಔಷಧಿ ಹಚ್ಚಿದೆ, ಸೊಪ್ಪು ಹಾಕಿದೆ, ಮಲಗಿದೆ. ಮು. ಇಲ್ಲಿಲ್ಲ. ಐದು ತಿಂಗಳಾಯಿತು.

ಅಂಬರೀಶನನ್ನು ಕೇಳಿದೆ. ಮೊದಲು ಹೇಳಲಿಲ್ಲ. ಆಮೇಲೆ ಬಾಯಿ ಬಿಟ್ಟ, ಶುಕ್ರವಾರ ಕೆಲಸ ಮುಗಿಸಿ ದೊಡ್ಡಬೆಳವಂಗಲಕ್ಕೆ ಹೋಗಿ ಅವಳನ್ನು ನೋಡಿಕೊಂಡು ಬಂದನಂತೆ. ಅದೇ ಅಂಗಿಯಲ್ಲಿ ಒಳಗೆ ಬಂದಿದ್ದಾನೆ.

ಅಂಗಿ ಸುಟ್ಟೆ. ಇನ್ನು ಮುಂದೆ ಕೊಟ್ಟಿಗೆಯ ಹತ್ತಿರ ಸ್ನಾನ ಮಾಡಿಯೇ ಒಳಗೆ ಬರಬೇಕು ಎಂದು ಹೇಳಿದ್ದೇನೆ. "ಪವೀ, ಹುಳು ಬಿಟ್ಬಿಡಾಣ" ಅಂದ. ಈಗ, ಇಷ್ಟು ಹತ್ತಿರ ಬಂದಿರುವಾಗ?

ಮಾರ್ಚ್ 12, ಬುಧವಾರ

ಅಂಬರೀಶ ಕರೆದನಂತೆ, ವೇಣುಗೋಪಾಲ್ ಸಾರ್ ಇವತ್ತು ಮನೆಗೇ ಬಂದರು. ಸತ್ತ ಹುಳು ನೋಡಿದರು, ಸೊಪ್ಪು ಮೂಸಿದರು. ನಾನು ಸ್ಟ್ಯಾಂಡು ತೋರಿಸಲು ಹತ್ತಿರ ಹೋದೆ. ಅವರು ನನ್ನ ಸೆರಗಿನ ಕಡೆ ಮೂಗು ತಿರುಗಿಸಿದರು.

"ಏನಮ್ಮ ಇದು ವಾಸನೆ?"

"ಏನಿಲ್ಲ ಸಾರ್, ಹಸೂನ ಉಣ್ಣೆ ಔಷಧಿ. ಶನಿವಾರ ಹಚ್ಚಿದ್ದು ಸಾಲಲಿಲ್ಲ, ಬೆಳಗ್ಗೆ ಮತ್ತೆ ಹಚ್ಚಿದೆ."

"ಇದೇ ಸೀರೇಲಿ ಸೊಪ್ಪು ಹಾಕುದ್ರಾ?"

"ಕೈ ತೊಳೆದಿದ್ದೆ ಸಾರ್."

ಅವರು ತಲೆಯ ಮೇಲೆ ಕೈಯಿಟ್ಟುಕೊಂಡು ಕಲ್ಲಿನ ಮೇಲೆ ಕೂತರು. "ಉಣ್ಣೆ ಸಾಯೋ ಔಷಧೀಲಿ ರೇಷ್ಮೆ ಹುಳು ಉಳೀತದೇನಮ್ಮ? ಒಂದು ತೊಟ್ಟು ಸಾಕು. ಉಗುರಲ್ಲಿ ಉಳುದ್ರೂ ಸಾಕು."

ಅವರು ಹೋದ ಮೇಲೆ ನೋಟ್‌ಬುಕ್ ತೆಗೆದೆ. ಆಗಸ್ಟ್ 6: ಹಸುವಿಗೆ ಔಷಧಿ. ಸೆಪ್ಟೆಂಬರ್ 29: ಹಸುವಿಗೆ ಔಷಧಿ. ಮಾರ್ಚ್ 8: ಹಸುವಿಗೆ ಔಷಧಿ. ಎಲ್ಲ ನನ್ನ ಅಕ್ಷರದಲ್ಲೇ ಇದೆ. ಆಗಸ್ಟ್ 1 ಮತ್ತು 14ಕ್ಕೆ ಬರೆದಿರಲಿಲ್ಲ, ಆದರೆ ಹಚ್ಚಿದ್ದು ನೆನಪಿದೆ. ನಾನು ಕೊಟ್ಟಿಗೆಯಲ್ಲಿ ಕೂತ ದಿನಗಳಲ್ಲಿ ಬೆಳಗಿನ ಸೊಪ್ಪು ಅಕ್ಕನ ಪಾಲಿಗೆ ಬರುತ್ತಿತ್ತು. ಮಧ್ಯಾಹ್ನ ಅದೇ ಬಟ್ಟೆಯಲ್ಲಿ ನಾನು ಹೋಗುತ್ತಿದ್ದೆ. ಪಟ್ಟಿಯಲ್ಲಿ ಬಿಸಿಲಿಗೆ ಕಾಲಂ ಇತ್ತು, ತೇವಕ್ಕೆ ಇತ್ತು, ಅಕ್ಕನಿಗೆ ಇತ್ತು. ಹಸುವಿಗೆ ಇರಲಿಲ್ಲ. 4ನೇ ತಾರೀಖು, 11ನೇ ತಾರೀಖು ನಾನು ಔಷಧಿ ಮುಟ್ಟಿರಲಿಲ್ಲ, ಹುಳು ಚೆನ್ನಾಗಿದ್ದವು. ಆ ಎರಡು ದಿನವನ್ನು ನಾನು ಎಷ್ಟು ಸುಲಭವಾಗಿ ತಳ್ಳಿಹಾಕಿದೆ!

ಕೈ ತೊಳ್ಕೊಂಡು ಬಾ ಎಂದು ಅಕ್ಕ ಹೇಳಿದ್ದರು. ನಾನು ಯಾಕೆ ಎಂದು ಕೇಳಿದ್ದೆ.

ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಅತ್ತೆ. ಎಷ್ಟೋ ತಿಂಗಳ ಮೇಲೆ ಅಂಬರೀಶ ಪಕ್ಕದಲ್ಲಿ ಕೂತ. ಮೂವತ್ತು ವರ್ಷ ಈ ಮನೆಗೆ ದುಡಿದ ಜೀವವನ್ನು ಬೀದಿಗೆ ಕಳಿಸಿದೆ. ನನ್ನ ಕೈಯಲ್ಲಿ ವಿಷ ಇಟ್ಟುಕೊಂಡು ಅವರ ಉಸಿರನ್ನು ದೂರಿದೆ. ಭಾನುವಾರ ಅವನು ಹೋಗಿ ಕರೆತರುತ್ತಾನೆ. ಬಂದ ಕೂಡಲೇ ಕಾಲು ಹಿಡಿಯುತ್ತೇನೆ.

ಮಾರ್ಚ್ 14, ಶುಕ್ರವಾರ

ಉಳಿದಿದ್ದ ಹುಳುವೂ ಸತ್ತವು. ಸ್ಟ್ಯಾಂಡು ತೊಳೆದು ಬಿಸಿಲಿಗೆ ಹಾಕಿದೆ. ಮನೆಯಲ್ಲಿ ಮಾಡಲು ಕೆಲಸವಿಲ್ಲ.

ಎಲ್ಲ ಮುಗಿಯಿತಲ್ಲ, ಪಟ್ಟಿಯನ್ನು ಸರಿಯಾಗಿ ಮುಗಿಸಿಬಿಡೋಣ ಎಂದು ಕೂತೆ. ಹಸುವಿಗೊಂದು ಕಾಲಂ ಹಾಕಿದೆ. ಔಷಧಿ ಹಚ್ಚಿದ ದಿನ, ಹುಳು ಸತ್ತ ದಿನ. ಸರಿಯಾಗಿ ಕೂಡಿತು. ಕೊನೆಯ ಕಾಲಮ್ಮಿನಲ್ಲಿ ಯಾಕೆ ಎಂಬುದಕ್ಕೆ "ನನ್ನ ಕೈ" ಎಂದು ಬರೆದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನ್ನ ಕೈ ಔಷಧಿ ಹಚ್ಚಿದ್ದು ಯಾಕೆ? ಉಣ್ಣೆ ಇದೆ ಎಂದು ಗೊತ್ತಾದ್ದರಿಂದ. ಗೊತ್ತಾದದ್ದು ಹೇಗೆ? ಹೇಳಿದ್ದರಿಂದ. ಹೇಳಿದವರು ಯಾರು?

ಆಗಸ್ಟಿನಲ್ಲಿ ಮೂರು ಸಲವೂ ಆಕೆಯೇ. ಸೆಪ್ಟೆಂಬರಿನಲ್ಲೂ ಆಕೆಯೇ.

ಮಾರ್ಚಿಗೆ ಮಾತ್ರ ಉತ್ತರವಿರಲಿಲ್ಲ. ಸಂಜೆ ಅಂಬರೀಶ ಬಂದ ಮೇಲೆ ಕೇಳಿದೆ: "ಹಸೂಗೆ ಉಣ್ಣೆ ಹತ್ತಿದೆ ನೋಡು ಅಂತ ಶನಿವಾರ ಬೆಳಗ್ಗೆ ಹೇಳ್ದಲ್ಲ, ನಿಂಗೆ ಹೆಂಗೆ ಗೊತ್ತಾಯ್ತು?"

"ಶುಕ್ರವಾರ ಅಕ್ಕ ಕೇಳುದ್ಲಪ್ಪ, ಬಿಸ್ಲು ಬಂತು, ಹಸ ಉಣ್ಣೆ ಹತ್ಕೊಂಡವಾ ಅಂತ. ಬಂದ್ ನೋಡ್ದೆ, ಇದ್ವು" ಅಂದ.

ಈಗ ಪೂರ್ತಿ ಕೂಡುತ್ತದೆ. ಒಂದೂ ಮಿಗುವುದಿಲ್ಲ. ಬಿಟ್ಟುಬಿಡಬೇಕಾದ ದಿನವೇ ಇಲ್ಲ. ಇಷ್ಟು ತಿಂಗಳಲ್ಲಿ ಮೊದಲ ಸಲ ಮನಸ್ಸು ಶಾಂತವಾಗಿದೆ.

ಮಾರ್ಚ್ 16, ಭಾನುವಾರ

ಹನ್ನೊಂದು ಗಂಟೆಗೆ ಬಂದರು. ನಾನು ಮನೆಯ ಬಾಗಿಲು ಒಳಗಿನಿಂದ ಹಾಕಿಕೊಂಡಿದ್ದೆ. ಅಂಬರೀಶ ಕೂಗಿದ, ಬಡಿದ, ಬೈದ. ನಾನು ಬಾಗಿಲ ಈಚೆ ಕೂತು, ಕೂಗಾಡದೆ, ಒಂದೊಂದೇ ತಾರೀಖು ಓದಿ ಹೇಳಿದೆ. ಔಷಧಿ ನನ್ನ ಕೈಯದ್ದು ಎಂದು ಒಪ್ಪಿಕೊಂಡೆ. ನನ್ನ ಕೈಯನ್ನು ಅಲ್ಲಿಗೆ ಕಳಿಸಿದ್ದು ಯಾರ ಮಾತು ಎಂಬುದನ್ನೂ ಹೇಳಿದೆ.

"ತಲೆ ಕೆಟ್ಟಿದ್ಯಾ ನಿಂಗೆ?" ಎಂದು ಅಂಬರೀಶ ಅಳುವ ದನಿಯಲ್ಲಿ ಕೇಳಿದ. ಆಕೆ ಅವನನ್ನು ಸುಮ್ಮನಿರಿಸಿದಳು. ಜಗಲಿಯ ಮೇಲೆ ಚೀಲ ಇಟ್ಟ ಸದ್ದಾಯಿತು. ಬಾಗಿಲ ಕೆಳಗಿನ ಬೆಳಕಿಗೆ ನೆರಳು ಅಡ್ಡ ಬಂತು.

"ಹೌದೇನೋ ಕಣಮ್ಮ" ಎಂದಳು ಆಕೆ. ಬಾಗಿಲಿಗೆ ತೀರ ಹತ್ತಿರದಿಂದ. "ನಾನು ಯಾವತ್ತೂ ಹಿಂಗೆ ಯೋಚ್ನೆ ಮಾಡಿರ್ನಿಲ್ಲ. ರೂಪನ ಮನೇಲಿ ಕುಂತ್ಕಂಡು ಐದ್ ತಿಂಗ್ಳು ಇದನ್ನೇ ಅಂದ್ಕಂಡೆ, ಯಾಕೆ, ಯಾಕೆ ಅಂತ. ನೀನ್ ಹೇಳ್ದಂಗೆ ನೋಡುದ್ರೆ ನಮ್ಮೆಜಮಾನ್ರಿಗೆ ಜ್ವರ ಬಂದಾಗ ಗಂಜಿ ಕಾಯ್ಸಿದ್ದೂ ನಾನೇ. ನಮ್ಮಮ್ಮನ್ನ ಬಾವಿ ತಾವ್ಕೆ ನೀರಿಗೆ ಕಳ್ಸಿದ್ದೂ ನಾನೇ. ಎಲ್ಲಾ ಕೂಡ್ತದೆ."

"ಅಕ್ಕಾ, ಸುಮ್ನಿರೇ" ಎಂದ ಅಂಬರೀಶ.

"ಇರು ಮಗಾ. ಪವಿತ್ರಾ, ನಿಂಗೆ ಹೊಟ್ಟೇಲಿದ್ದ ನಾಕ್ ತಿಂಗ್ಳ ಕೂಸು ಹೋಯ್ತಲ್ಲಮ್ಮ. ಆವಾಗ್ಲೂ ದಿನಾ ನಿಂಗೆ ಊಟಕ್ಕಿಕ್ತಿದ್ದೋಳು ನಾನೇ ಅಲ್ವಾ?"

ಅದರ ಬಗ್ಗೆ ಈ ನೋಟ್‌ಬುಕ್ಕಿನಲ್ಲಿ ನಾನು ಎಲ್ಲೂ ಬರೆದಿಲ್ಲ. ಯಾರೊಡನೆಯೂ ಮಾತಾಡಿಲ್ಲ.

"ನಾನು ಇನ್ನು ಯಾರ ಮನೇಗೂ ಹೋಗಲ್ಲ ಬಿಡಮ್ಮ" ಎಂದಳು. ಚೀಲ ಎತ್ತಿಕೊಂಡ ಸದ್ದಾಯಿತು. ಚಪ್ಪಲಿಯ ಸದ್ದು ಬೀದಿಯವರೆಗೆ ಕೇಳಿಸಿತು. ಅದರ ಹಿಂದೆಯೇ ಅಂಬರೀಶ "ಅಕ್ಕಾ, ಅಕ್ಕಾ" ಎಂದು ಕೂಗುತ್ತ ಓಡಿದ. ಈಗ ನಾಲ್ಕು ಗಂಟೆ, ಇಬ್ಬರೂ ಇನ್ನೂ ವಾಪಸ್ ಬಂದಿಲ್ಲ. ಭಾಗ್ಯಮ್ಮ ಎರಡು ಸಲ ಬಂದು ಬಾಗಿಲು ತಟ್ಟಿ ಹೋದಳು. ಕೆರೆಯ ಕಡೆ ಜನ ಓಡುತ್ತಿದ್ದಾರೆ ಎಂದೇನೋ ಹೇಳಿದಳು.

ನಾನು ಹೊಸ ಪುಟಕ್ಕೆ ಗೆರೆ ಎಳೆದಿದ್ದೇನೆ. ಆ ಕೂಸು ಹೋದದ್ದು ಏಪ್ರಿಲ್ ತಿಂಗಳು, ಎರಡನೇ ವಾರ. ಆ ವಾರ ಬೆಳಗಿನ ಕಾಫಿ ಯಾರು ತಂದುಕೊಟ್ಟರು ಎಂದು ನೆನಪು ಮಾಡಿಕೊಳ್ಳುತ್ತಿದ್ದೇನೆ.